ತೋಳಿನ ಜೇಬಿನ ಚಮಚ

ನಾನೊಂದು ಚಮಚ. ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ, ಸ್ಟೀಲ್ ತಗಡಿನ ಹೊಟ್ಟೆಯಿಂದ. ಮೆಷಿನ್ನು ಒಮ್ಮೆ ಧಡ್ ಎಂದಿತು, ನಾನು ಬಿದ್ದೆ. ಇನ್ನೊಮ್ಮೆ ಧಡ್ ಎಂದಿತು, ನನ್ನ ತಮ್ಮ ಬಿದ್ದ. ನಾಮಕರಣವಿಲ್ಲ, ತೊಟ್ಟಿಲಿಲ್ಲ. ಹನ್ನೆರಡು ಜನರನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ತುಮಕೂರಿಗೆ ಕಳಿಸಿದರು.

ಅಲ್ಲೊಂದು ಸಮುದಾಯ ಕಾಲೇಜು, ಅಡುಗೆ ಕಲೆಯ ಒಂದು ವರ್ಷದ ಕೋರ್ಸು. ಸೇರಿದವರಿಗೆಲ್ಲ ಬಿಳಿ ಕೋಟು, ಟೋಪಿ, ಚಾಕು, ಒಂದು ಚಮಚ. ಕೋಟಿನ ತೋಳಿನಲ್ಲಿ ನನಗೆಂದೇ ಸಣ್ಣ ಜೇಬಿತ್ತು. ಹೋಟೆಲುಗಳಲ್ಲಿ ಮೂವತ್ತು ವರ್ಷ ಬೆಂದು ಬಂದ ಮೇಷ್ಟ್ರು ಪೊನ್ನಪ್ಪ ಸರ್ ನನ್ನನ್ನು ಎತ್ತಿ ತೋರಿಸಿದರು. "ಇದು ಉಣ್ಣೋ ಚಮಚ ಅಲ್ಲ, ರುಚಿ ನೋಡೋ ಚಮಚ. ಚಾಕು ಮರೆತ್ರೂ ಕ್ಷಮಿಸ್ತೀನಿ, ಇದನ್ನ ಮರೆತ್ರೆ ಕ್ಲಾಸಿಗೇ ಬರ್ಬೇಡಿ." ನನ್ನ ಎದೆ ಉಬ್ಬಿತು. ಚಮಚಕ್ಕೆಲ್ಲಿ ಎದೆ ಎನ್ನಬೇಡಿ, ಕಥೆ ಹೇಳುತ್ತಿರುವುದು ನಾನು.

ನಾನು ಹೋದದ್ದು ಜಲಜಾಕ್ಷಮ್ಮನ ಪಾಲಿಗೆ. ವಯಸ್ಸು ನಲವತ್ತೇಳು. ಗಂಡನ ಜೊತೆ ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಸಾವಿರ ಎಲೆಗೆ ಅಡುಗೆ ಮಾಡಿದವರು. ಅಂಥವರು ಹತ್ತೊಂಬತ್ತರ ಹುಡುಗಿಯರ ಪಕ್ಕ ಕೂತು ಕ್ಯಾರೆಟ್ ಹೆಚ್ಚುವುದು ಕಲಿಯುವುದೆಂದರೆ!

ಕಾರಣ ನನಗೆ ಮೊದಲ ಸಂಜೆಯೇ ತಿಳಿಯಿತು. ಮನೆಗೆ ಹೋದವರು ನನ್ನನ್ನು ತೊಳೆದು, ಉಪ್ಪಿಗೆ ಅದ್ದಿ ಬಾಯಿಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹುಣಸೆ ರಸ ನೋಡಿದರು, ಬೆಲ್ಲ ನೋಡಿದರು. ಅದೇ ಮುಖ. ಎರಡು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರಿಗೂ ಜ್ವರ ಬಂದಿತ್ತಂತೆ. ಗಂಡ ಹೋದರು. ಇವರು ಉಳಿದರು, ಮೂಗು ನಾಲಿಗೆ ಉಳಿಯಲಿಲ್ಲ. "ಕೈಅಳತೆ ಇನ್ನು ನಂಬೋ ಹಾಗಿಲ್ಲ. ತೂಕ ಹಾಕಿ ಮಾಡೋದು ಕಲೀಬೇಕು. ಸರ್ಟಿಫಿಕೇಟ್ ಬಂದ್ರೆ ನರ್ಸಿಂಗ್ ಹಾಸ್ಟೆಲಿನಲ್ಲಿ ಕೆಲಸ. ಇಲ್ಲಾಂದ್ರೆ ನಂಗೆ ಬೇರೆ ಏನು ಬರತ್ತೆ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಳಲಿಲ್ಲ. ಆಮೇಲೂ ಒಂದು ದಿನವೂ ಅತ್ತದ್ದು ನಾನು ಕಾಣೆ.

ಮಾರನೇ ದಿನ ಕ್ಲಾಸಿನಲ್ಲಿ ಹೇಳಿದರು: "ಸಾರ್, ನಮ್ಮಲ್ಲಿ ನೈವೇದ್ಯಕ್ಕೆ ಮುಂಚೆ ರುಚಿ ನೋಡೋ ಹಾಗಿಲ್ಲ, ಎಂಜಲಾಗತ್ತೆ. ಮಡೀಲಿ ಬೆಳೆದ ಕೈ ಇದು." ಮೇಷ್ಟ್ರು ಮರ್ಯಾದಸ್ಥರು, ಒತ್ತಾಯ ಮಾಡಲಿಲ್ಲ. ತೂಕ ತಪ್ಪದ ಕಾರಣ ಅಡುಗೆಯೂ ತಪ್ಪಲಿಲ್ಲ. ಹುಡುಗಿಯರು 'ಮಡಿ ಆಂಟಿ' ಎಂದು ಹೆಸರಿಟ್ಟರು. ನನಗೆ ಜೇಬಿನಲ್ಲಿ ಕೆಲಸವಿಲ್ಲ. ಮೊದಮೊದಲು ಬೇಜಾರಾಗುತ್ತಿತ್ತು, ಆಮೇಲೆ ಅದೂ ಆಗಲಿಲ್ಲ.

ಪರೀಕ್ಷೆಯ ದಿನ ಇಬ್ಬಿಬ್ಬರ ಜೋಡಿ. ಇವರಿಗೆ ಸಿಕ್ಕವಳು ತಸ್ಲೀಮಾ, ಅರಳು ಹುರಿದಂತೆ ಮಾತಾಡುವ ಹುಡುಗಿ. ಬೇಳೆ ಬೇಯಿಸುವುದು ಅವಳ ಪಾಲು, ಸಾರು ಕೂಡಿಸುವುದು ಇವರ ಪಾಲು. ತಸ್ಲೀಮಾ ಮನೆಯ ರೂಢಿಯಂತೆ ಬೇಳೆಗೇ ಉಪ್ಪು ಹಾಕಿಬಿಟ್ಟಳು, ಅಷ್ಟು ಮಾತಿನ ನಡುವೆ ಇದೊಂದನ್ನು ಹೇಳಲು ಮರೆತಳು. ಇವರು ತೂಗಿ ಇನ್ನೊಮ್ಮೆ ಹಾಕಿದರು.

ಹೊರಗಿನಿಂದ ಬಂದ ಪರೀಕ್ಷಕರು ಪಾತ್ರೆಯ ಮುಂದೆ ನಿಂತರು. 'ಮಡಿ ಆಂಟಿ'ಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ನೀವು ರುಚಿ ನೋಡಿ, ಸರಿ ಇದೆ ಅಂದ್ಮೇಲೆ ನಂಗೆ ಕೊಡಿ. ಮಡಿ ಗಿಡಿ ಎಲ್ಲ ಮನೇಲಿ. ನೋಡದಿದ್ರೆ ಫೇಲ್."

ಜಲಜಾಕ್ಷಮ್ಮ ನನ್ನನ್ನು ಅದ್ದಿ ಬಾಯಿಗಿಟ್ಟರು. ಸರಿ ಇದೆ ಎನ್ನಲು ಹೊರಟವರ ಕಣ್ಣು ತಸ್ಲೀಮಾಳ ಮೇಲೆ ಬಿತ್ತು. ಅವಳು ತನ್ನ ಚಮಚದಲ್ಲಿ ನೋಡಿಯಾಗಿತ್ತು, ಮುಖ ಬಿಳಿಚಿಕೊಂಡಿತ್ತು.

"ಸಾರ್, ನಂಗೆ ಉಪ್ಪೂ ಗೊತ್ತಾಗಲ್ಲ, ಹುಳೀನೂ ಗೊತ್ತಾಗಲ್ಲ," ಎಂದರು ಜಲಜಾಕ್ಷಮ್ಮ, ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ. "ಜ್ವರದಲ್ಲಿ ಹೋಯ್ತು. ಮಡಿ ಅಂದಿದ್ದು ಸುಳ್ಳು. ದೇವರನ್ನ ಅಡ್ಡ ಇಟ್ಕೊಂಡು ಒಂದು ವರ್ಷ ಸುಳ್ಳು ಹೇಳ್ದೆ."

ಪೊನ್ನಪ್ಪ ಸರ್ ತಲೆ ತಗ್ಗಿಸಿದರು. "ಹಾಗಾದ್ರೆ ಈಗೇನ್ಮಾಡ್ತೀರಿ?" ಎಂದರು ಪರೀಕ್ಷಕರು.

ಇವರು ನನ್ನನ್ನು ತೊಳೆದು ತಸ್ಲೀಮಾಳ ಕೈಗೆ ಕೊಟ್ಟರು. "ನೀನು ರುಚಿ ನೋಡು, ನಾನು ನಿನ್ನ ಮುಖ ನೋಡ್ತೀನಿ. ದಾಕ್ಷಿಣ್ಯ ಬೇಡ."

"ಆಂಟೀ, ಉಪ್ಪು ನಾನೇ..."

"ಇರ್ಲಿ ಬಿಡೇ. ಬಾಯಿ ತೆಗಿ."

ಅರ್ಧ ಸಾರು ಬಗ್ಗಿಸಿ ತೆಗೆದರು. ಬಿಸಿನೀರು, ಟೊಮೇಟೊ, ಚೂರು ಬೆಲ್ಲ ಹಾಕಿ ಕುದಿಸಿದರು. ಪ್ರತಿ ಸಲವೂ ನನ್ನನ್ನು ತೊಳೆದರು. ಮೊದಲ ಸಲ ಹುಡುಗಿಯ ಹುಬ್ಬು ಗಂಟಾಯಿತು, ಎರಡನೇ ಸಲ ಸಡಿಲವಾಯಿತು. ಮೂರನೇ ಸಲ ಕೇಳದೆಯೇ ನನ್ನನ್ನು ಇನ್ನೊಮ್ಮೆ ನೆಕ್ಕಿದಳು. "ಸಾಕು," ಎಂದು ಜಲಜಾಕ್ಷಮ್ಮ ಒಲೆ ಆರಿಸಿದರು.

ರುಚಿ ನೋಡುವುದಕ್ಕಿದ್ದ ಹತ್ತು ಅಂಕಕ್ಕೆ ಸೊನ್ನೆ, ಉಳಿದದ್ದರಲ್ಲಿ ಪಾಸು. ಸರ್ಟಿಫಿಕೇಟು ಬಂತು, ಕೆಲಸವೂ ಬಂತು.

ಈಗ ಹಾಸ್ಟೆಲಿನ ಅಡುಗೆ ಮನೆಯಲ್ಲಿ ನನಗೆ ಒಂಬತ್ತನೇ ವರ್ಷ. ಅಂಚು ಸವೆದಿದೆ, ಕತ್ತು ಸೊಟ್ಟಗಾಗಿದೆ. ದಿನವೂ ಬೆಳಿಗ್ಗೆ ಯಾವುದೋ ಹುಡುಗಿಯ ಬಾಯಿಗೆ ಹೋಗಿ ಬರುತ್ತೇನೆ, ಇವರು ಎದುರು ನಿಂತು ಅವಳ ಮುಖ ಓದುತ್ತಾರೆ. ನೂರು ಹುಡುಗಿಯರು ಕೈ ನೆಕ್ಕಿಕೊಂಡು ಎದ್ದ ಮೇಲೆ ಇವರು ಒಬ್ಬರೇ ಉಣ್ಣಲು ಕೂರುತ್ತಾರೆ. ಅದೇ ಸಾರು. ಇವರಿಗೆ ತಿಳಿಯುವುದು ಬಿಸಿಯೋ ತಣ್ಣಗೋ ಎಂಬುದೊಂದೇ. ನಿಜ ಹೇಳುತ್ತೇನೆ, ಇಷ್ಟು ಬಾಯಿ ಹೊಕ್ಕು ಬಂದರೂ ನನಗೆ ತಿಳಿದಿರುವುದೂ ಅಷ್ಟೇ.

ಉಂಡಾದ ಮೇಲೆ ತಟ್ಟೆ ತೊಳೆಯುತ್ತಾರೆ, ನನ್ನನ್ನು ಒರೆಸುತ್ತಾರೆ. ಒರೆಸುತ್ತ ನನ್ನನ್ನೇ ಕೇಳುತ್ತಾರೆ: "ನಾಳೆ ಯಾವ ಸಾರು ಮಾಡೋಣ, ಹೇಳೇ?"