ಅಕ್ಕನ ಮನೆ, ಭಾವನ ಹೆಸರು

ಮಿಷನ್ ಶಾಲೆ ಬಿಟ್ಟ ಮೇಲೆ ನಾನು ಓದಿದ ಮೊದಲ ಕಾಗದ ಅದು. ಚೆರೋಕೀ ಜನರಾದ ನಾವೆಲ್ಲ ನಮ್ಮ ನೆಲವನ್ನು ಅಮೆರಿಕದ ಬಿಳಿಯರಿಗೆ ಬಿಟ್ಟು ಪಶ್ಚಿಮಕ್ಕೆ ಹೋಗಬೇಕೆಂಬ ಒಪ್ಪಂದಕ್ಕೆ ನಮ್ಮವರೇ ಕೆಲವರು ರುಜು ಹಾಕಿದ್ದರು. ಕೂಸವಾಟೀ ಹೊಳೆ ದಡದ ನಮ್ಮೂರು ಹೊರಡುವವರು, ಹೊರಡೆವು ಎನ್ನುವವರು ಎಂದು ಎರಡಾಗಿತ್ತು. ಆ ದಿನ ಭಾವ ತವೋಡಿ ಹೊರಡುವವರ ಪಟ್ಟಿಯಲ್ಲಿ ಹೆಸರು, ಆಸ್ತಿ ಬರೆಸಿ ಆ ಕಾಗದ ತಂದ.

ಜೋಳ ಕುಟ್ಟುತ್ತಿದ್ದ ಅಕ್ಕ ಐಲ್ಸಿ ಒನಕೆ ನಿಲ್ಲಿಸಿ, "ಓದೇ" ಎಂದಳು.

ಮನೆ, ಹೊಲ, ಹದಿನೇಳು ಪೀಚ್ ಮರ. ಎಲ್ಲದರ ಯಜಮಾನ ತವೋಡಿ.

ಆ ಹೆಸರನ್ನು ಇನ್ನೊಮ್ಮೆ ಓದಿದೆ. ನಮ್ಮಲ್ಲಿ ಮನೆ, ಹೊಲ ಹೆಂಗಸರದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬಂದ ಮನೆಗೆ ಭಾವ ಮದುವೆಯಾಗಿ ಬಂದವನು.

"ಆ ಬಿಳಿಯರು ಹೆಂಗಸರ ಹೆಸರು ಬರ್ಕೊಳ್ಳಲ್ಲ ಕಣೇ" ಎಂದ.

"ಹಾಗಾದ್ರೆ ಬಾಯ್ ಮುಚ್ಕೊಂಡು ವಾಪಸ್ ಬರ್ಬೇಕಿತ್ತು" ಎಂದಳು ಅಕ್ಕ.

"ನಾಳೆ ಸಿಪಾಯಿಗಳು ಬಂದು ಎಬ್ಬಿಸಿದ್ರೆ? ಹುಟ್ಟೋ ಮಗು ಎತ್ಕೊಂಡು ನಡೀತೀಯಾ? ಈಗ ಹೊರಟ್ರೆ ದೋಣಿ ಕೊಡ್ತಾರೆ."

"ಅಮ್ಮನ ಗೋರಿ ಆ ದೋಣೀಲಿ ಹಿಡಿಸುತ್ತಾ?"

ಏಳು ತಿಂಗಳ ಬಸುರಿ ಅಕ್ಕ ಒಳಗೆ ಹೋಗಿ ಅವನ ಕುದುರೆ ಜೀನು, ಬಂದೂಕು, ಕಂಬಳಿ ತಂದು ಬಾಗಿಲಾಚೆ ಇಟ್ಟಳು. ನಮ್ಮಲ್ಲಿ ಹೆಂಡತಿ ಹಾಗಿಟ್ಟರೆ ಮದುವೆ ಮುಗಿದಂತೆ. ಯಾವ ಗಂಡಸೂ ಮರುಮಾತಾಡುವುದಿಲ್ಲ. ಭಾವ ಅಂಗಳದ ಮರದ ಕೆಳಗೆ ಹೋಗಿ ಕೂತ. ಎದ್ದು ಹೋಗಲಿಲ್ಲ.

ಜೋಳ ನುಣ್ಣಗಾದ ಮೇಲೂ ಅಕ್ಕ ಕುಟ್ಟುತ್ತಲೇ ಇದ್ದಳು. ಮಧ್ಯಾಹ್ನ ನನ್ನತ್ತ ನೋಡದೆ, "ಅಂಗಳದಲ್ಲಿ ಯಾರೋ ಕೂತಿದಾರೆ. ಬಂದೋರಿಗೆ ಗಂಜಿ ಕೊಡ್ದೆ ಇರೋದುಂಟಾ?" ಎಂದಳು.

ಹುಳಿಗಂಜಿ ಒಯ್ದೆ.

"ಏನಂದ್ಲು, ವಾಚಾಳಿ?" ಮಾತೇ ಆಡದ ನನ್ನನ್ನು ಭಾವ ಕರೆಯುತ್ತಿದ್ದುದೇ ಹಾಗೆ.

"ಒಬ್ಳೇ ಹೆರ್ಬೇಕಲ್ಲ ಅಂತ ಹೆದರಿದಾಳೆ, ಭಾವ."

ಅಕ್ಕ ಹಾಗೆ ಅಂದಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಅವಳು ಹೊಟ್ಟೆ ಸವರುತ್ತ ಮರದತ್ತ ನೋಡಿದ್ದನ್ನು ನಾನು ಕಂಡಿದ್ದೆ.

ಅವನು ಗಂಜಿ ಅರ್ಧಕ್ಕೇ ಇಟ್ಟು ಬಾಗಿಲ ಹತ್ತಿರ ಬಂದ. ಹೊಸ್ತಿಲು ಮಾತ್ರ ಮುಟ್ಟಲಿಲ್ಲ.

"ಪಟ್ಟೀಲಿ ಹೆಸರು ಹೊಡೆದು ಹಾಕಿಸಿ ಬರ್ತೀನಿ, ಐಲ್ಸಿ. ಸಿಪಾಯಿಗಳು ಬಂದ್ರೆ ಬರ್ಲಿ. ಮಗೂನ ನಾನು ಎತ್ಕೋತೀನಿ."

ಅಕ್ಕ ಕಾಳು ಬೆರೆಸಿದ ನಾಲ್ಕು ರೊಟ್ಟಿ ಕಟ್ಟಿ ನನ್ನ ಕೈಗಿಟ್ಟಳು. "ದಾರಿಗೆ. ನಾನ್ ಕೊಟ್ಟೆ ಅನ್ಬೇಡ."

ಎರಡು ಹೆಜ್ಜೆ ಆಚೆ ನಿಂತ ಭಾವನಿಗೆ ಎಲ್ಲ ಕೇಳಿಸಿತ್ತು. ಆದರೂ ಗಂಟು ತಗೊಂಡು, "ಯಾರೇ ಕೊಟ್ಟಿದ್ದು?" ಎಂದ.

"ಗೊತ್ತಿಲ್ಲ ಭಾವ" ಎಂದೆ. "ನಾಳೆ ಸಂಜೆಯೊಳಗೆ ಬರ್ಬೇಕಂತೆ."