ಮೇಣ ತುಂಬಿದ ಬುರುಡೆಗಳು

ವೈದ್ಯಕೀಯ ಕಾಲೇಜಿನ ಮೂಳೆ ಕೋಣೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಮೂಳೆ ಮೇಷ್ಟ್ರು. ಪಾಠ ಮಾಡುವವನೇನಲ್ಲ, ತಲೆಬುರುಡೆಗಳನ್ನು ತೊಳೆದು, ಒರೆಸಿ, ಕಪಾಟಿನಲ್ಲಿ ಸಾಲಾಗಿ ಇಡುವವನು. ಆದರೂ ಆ ಹೆಸರು ತಲೆಗೇರಿತ್ತು. ಪರೀಕ್ಷೆಯ ದಿನ ಬೆವರುವ ಹುಡುಗರಿಗೆ, ಕಣ್ಣುಗೂಡಿನ ಕೆಳಗೆ ಒಂದೇ ತೂತು, ಕೆನ್ನೆಯ ನರ ಹೊರಬರುವುದು ಅಲ್ಲಿಂದಲೇ ಎಂದು ಪಿಸುಗುಟ್ಟಿ ಪುಣ್ಯ ಕಟ್ಟಿಕೊಳ್ಳುತ್ತಿದ್ದ.

ಅವನ ಹೆಂಡತಿಗೆ ನಾಲ್ಕು ವರ್ಷದಿಂದ ಎಡಗೆನ್ನೆಯ ನೋವು. ಗಾಳಿ ಸೋಕಿದರೂ ಕೆಂಡ ಬಿದ್ದಂತೆ ಉರಿ. ಅದೇ ಕೋಣೆಯ ಬುರುಡೆಗಳಲ್ಲಿ ಕಲಿತು ದೊಡ್ಡವನಾದ ವೈದ್ಯನೊಬ್ಬ ಆ ತೂತಿನ ಬಾಯಿಗೆ ಮೂರು ಸಲ ಸೂಜಿ ಹಾಕಿ ನರವನ್ನು ಮರಗಟ್ಟಿಸಿದ. ತುಟಿಗೆ ಜೋಮು ಹಿಡಿಯಿತು, ಮೂಗಿನ ಪಕ್ಕದ ಉರಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಉರಿ ಹುಟ್ಟುವುದು ಇಲ್ಲಿಂದಲೇ ಎಂದು ಆಕೆ ಮೂಗಿನ ಮಗ್ಗುಲಿಗೆ ಬೆರಳಿಟ್ಟು ತೋರಿಸಿದಳು. ವೈದ್ಯ, ಇದು ಮನಸ್ಸಿನ ನೋವಿರಬೇಕು ಎಂದ. ಗಂಡನೂ ತಲೆಯಾಡಿಸಿದ. ಮೊದಲೇ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

"ಅಲ್ಲಿ ತೂತೇ ಇಲ್ಲ. ದಿನಾ ನೋಡೋನು ನಾನು. ಇಲ್ಲದ್ದನ್ನ ತಲೆಗೆ ಹಚ್ಕೋಬೇಡ."

ಆಮೇಲೆ ಆಕೆ ನೋವಿನ ಮಾತೇ ಎತ್ತಲಿಲ್ಲ. ವಾಸಿಯಾಯಿತೆಂದು ಅವನು ತಿಳಿದುಕೊಂಡ. ಹಾಗೆ ತಿಳಿದುಕೊಳ್ಳುವುದು ಸುಲಭವಾಗಿತ್ತು.

ಮುಖದ ಮೂಳೆಯ ತೂತುಗಳು ಒಬ್ಬರಿಂದೊಬ್ಬರಿಗೆ ಹೇಗೆ ಬದಲಾಗುತ್ತವೆಂದು ನೋಡಲು ಹೊಸ ಅಧ್ಯಾಪಕಿಯೊಬ್ಬರು ಆ ಕೋಣೆಗೆ ಬಂದು ಕುಳಿತರು. ಮೂರು ದಿನ ನೋಡಿದರೂ ಎಲ್ಲದರಲ್ಲೂ ಒಂದೊಂದೇ ತೂತು. ಅವರಿಗೆ ಅನುಮಾನ ಬಂತು. ಒಂದು ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಪಕ್ಕ ಮಿನುಗುವ ಚುಕ್ಕೆ ಏನೆಂದು ಕೇಳಿದರು. ಮೇಣ ಎಂದ ಅವನು, ಕೊಂಚ ಹೆಮ್ಮೆಯಿಂದಲೇ. ಸಣ್ಣ ತೂತುಗಳೆಲ್ಲ ಹುಳು ಕೊರೆದದ್ದೆಂದು ಬಗೆದು, ಬುರುಡೆ ಲಕ್ಷಣವಾಗಿ ಕಾಣಲೆಂದು, ಕೆಲಸಕ್ಕೆ ಸೇರಿದ ವರ್ಷದಿಂದ ಮೇಣ ತುಂಬಿ ಉಜ್ಜುತ್ತ ಬಂದಿದ್ದ. ಯಾರೂ ಮಾಡು ಎಂದಿರಲಿಲ್ಲ, ಬೇಡವೆಂದೂ ಇರಲಿಲ್ಲ.

ಅಧ್ಯಾಪಕಿ ಗುಂಡುಸೂಜಿಯಿಂದ ಮೇಣ ಕೆದಕಿ ತೆಗೆದು, ಬ್ರಷ್ಷಿನ ಒಂದು ಎಳೆಯನ್ನು ತೂರಿಸಿದರು. ಅದು ಸಲೀಸಾಗಿ ಒಳಹೋಗಿ ಕಣ್ಣುಗೂಡಿನ ತಳದಲ್ಲಿ ಇಣುಕಿತು.

"ಇದು ಹುಳದ ಕೆಲಸ ಅಲ್ಲಪ್ಪ. ಕೆಲವರಿಗೆ ಎರಡಿರುತ್ತೆ. ನರದ ಒಂದು ಕವಲು ಇಲ್ಲಿಂದ ಹೊರಗೆ ಬರುತ್ತೆ."

ಅವನು ಅದೇ ಮಧ್ಯಾಹ್ನ ವೈದ್ಯನ ಬಳಿಗೆ ಓಡಿದ. ವೈದ್ಯ ಎಲ್ಲ ಕೇಳಿಸಿಕೊಂಡ. ಆಮೇಲೆ, ನೋವು ಈಗ ನರದ ಬುಡಕ್ಕೇ ಇಳಿದಿದೆ, ಆಗಲೇ ಗೊತ್ತಾಗಿದ್ದರೆ ಬೇರೆ ಮಾತು, ಇನ್ನು ಎಲ್ಲಿ ಚುಚ್ಚಿದರೂ ಫಲವಿಲ್ಲ ಎಂದ. ನಿಮ್ಮ ಬುರುಡೆಗಳಲ್ಲೇ ಕಲಿತವನು ನಾನು ಎನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಚುತ್ತಿದ್ದಳು. ಅವಳ ಕಡೆಯ ದಿಂಬಿನ ಚೀಲದ ಅಂಚು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಚಿಂದಿಯಾಗಿತ್ತು. ಅವನು ಅದನ್ನು ನೋಡಿದ್ದು ಅಂದೇ. ಒಂದನ್ನೂ ಬಿಡದೆ ಎಲ್ಲ ಹೇಳಿದ, ತಪ್ಪಾಯಿತೆಂದ, ಕೆನ್ನೆಯ ಕಡೆಗೆ ಕೈ ಚಾಚಿದ. ಆಕೆ ಮುಖ ಹಿಂದಕ್ಕೆ ಸರಿಸಿದಳು.

"ಮೇಣ ಉಳಿದಿದ್ರೆ ತನ್ನಿ," ಎಂದಳು, ಮೂಗಿನ ಮಗ್ಗುಲಿಗೆ ಬೆರಳಿಟ್ಟು. "ಇದನ್ನೂ ಮುಚ್ಚಿಬಿಡಿ."