ಖಾಲಿ ಬಿಟ್ಟ ಕಿವಿ

ಸೈಕಲ್ ಹತ್ತಿದ ಕೂಡಲೇ ಕಿವಿಗೆ ಹಾಡಿನ ವೈರು ಸಿಕ್ಕಿಸಿಕೊಳ್ಳುವವರು ಯಾವ ಬೀದಿಯಲ್ಲಿಲ್ಲ ಹೇಳಿ? ನಮ್ಮ ಕಥೆಯ ಬೀದಿಯಲ್ಲೂ ಒಬ್ಬನಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ಅವನಿಗೆ ಕೆಲಸ. ಹಾಡು ಗುನುಗುತ್ತಾ, ಸೈಕಲ್ ಮೇಲೆ ನೆಟ್ಟಗೆ ಕೂತು ಬರುವ ಅವನ ಗತ್ತು ನೋಡಿ ಮಿಲ್ಲಿನವರು 'ದೊರೆ' ಅಂತ ಹೆಸರಿಟ್ಟಿದ್ದರು. ಹಿಂದಿನ ಕ್ಯಾರಿಯರ್ ಮೇಲೆ ಮಗಳು ಪುಟ್ಟಿ. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ಅವನು ಮಿಲ್ಲಿಗೆ ಹೋಗುತ್ತಿದ್ದ.

ದೊರೆಯ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಮ್ಮ. ಅವನು ಹಾಡು ಹಚ್ಚುವ ಮುಂಚೆ ಬಾಗಿಲಲ್ಲಿ ನಿಂತು ದಿನಾ ಅವಳದು ಅದೇ ರಾಗ.

"ಅದನ್ನ ತೆಗೆದಿಟ್ಟು ಹೋಗಬಾರದಾ? ಹಿಂದೆ ಮಗು ಕೂತಿದೆ."

"ದಿನವೆಲ್ಲ ಗರಗಸದ ಕಿರಿಚಾಟ ಕೇಳಿ ಕೇಳಿ ತಲೆ ಕೆಟ್ಟುಹೋಗುತ್ತೆ ಕಣೇ. ದಾರೀಲಿ ಎರಡು ಹಾಡು ಕೇಳೋದೂ ತಪ್ಪಾ? ಒಂದೇ ಕಿವಿಗೆ ಹಾಕಿರೋದು ನೋಡು. ಇನ್ನೊಂದು ಖಾಲಿ ಇದೆ. ದೇವರು ಎರಡು ಕಿವಿ ಯಾಕೆ ಕೊಟ್ಟ? ಒಂದು ಹಾಡಿಗೆ, ಒಂದು ದಾರಿಗೆ."

"ಹೆಂಡತಿ ಮಾತಿಗೆ ಯಾವ ಕಿವಿ?"

"ಅದಕ್ಕೆ ಮೂರನೇದು ಬೇಕು!"

ಪುಟ್ಟಿ ಕಿಲಕಿಲ ನಗುತ್ತಿದ್ದಳು. ಟೈಲರಮ್ಮನಿಗೂ ನಗು ಬಂದುಬಿಡುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡು ಒಳಗೆ ಹೋಗಿ ಮಿಷನ್ನಿನ ಮುಂದೆ ಕೂರುತ್ತಿದ್ದಳು.

ಆ ದಿನವೂ ಅಪ್ಪ ಮಗಳು ಹಾಗೇ ಹೊರಟರು. ಸೇತುವೆಯ ಏರಿನಲ್ಲಿ ಪುಟ್ಟಿಯ ಕಾಲು ಜಾರಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಚಕ್ರ ಬಿಗಿಯಾಯಿತು. ದೊರೆಗೆ ಅನಿಸಿದ್ದೇನು? ಇವತ್ತು ಏರು ಯಾಕೋ ಜಾಸ್ತಿ ಅಂತ. ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಹಾಕಿ ಪೆಡಲ್ ತುಳಿದ. ಮತ್ತೂ ತುಳಿದ.

ಎದುರಿನ ಕ್ಷೌರದ ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ಅಲ್ಲೇ ಬಿಟ್ಟು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಓಡಿಬಂದು ಹ್ಯಾಂಡಲ್ ಹಿಡಿದ.

"ಏನ್ರೀ ಇದು, ದಾರಿ ಬಿಡ್ರೀ! ಟೈಮಾಗುತ್ತೆ," ಎಂದು ದೊರೆ ರೇಗಿದ.

ಆಮೇಲೆ ಹಿಂದೆ ತಿರುಗಿ ನೋಡಿದ.

ಹಿಮ್ಮಡಿಯ ಮೇಲಿನ ದಪ್ಪ ನರ ಕತ್ತರಿಸಿಹೋಗಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಜೋಡಿಸಿದರು. "ನಡೀತಾಳೆ. ಆದ್ರೆ ಕುಂಟು ಉಳಿಯಬಹುದು. ಮೊದಲಿನ ಹಾಗೆ ಓಡೋದು ಕಷ್ಟ," ಎಂದರು ಡಾಕ್ಟರು. ಬದುಕೆಲ್ಲ ಸೂಜಿ ದಾರ ಹಿಡಿದ ಟೈಲರಮ್ಮನಿಗೆ ಮಗಳ ಕಾಲಿನ ಹೊಲಿಗೆ ನೋಡಿ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ಕೂತುಬಿಟ್ಟಳು.

ಅದಕ್ಕಿಂತ ಕೆಟ್ಟದ್ದು ಮನೆಗೆ ಬಂದ ಮೇಲೆ ಶುರುವಾಯಿತು.

"ಒಂದು ಸಲ ಕೂಗಬಾರದಿತ್ತಾ ಮಗಳೇ?" ಎಂದು ದೊರೆ ಹಾಸಿಗೆಯ ಪಕ್ಕ ಕೂತು ಅತ್ತ.

"ಕೂಗಿದೆ ಅಪ್ಪ. ತುಂಬಾ ಕೂಗಿದೆ."

"ಇಲ್ಲ ಪುಟ್ಟಿ. ಒಂದು ಕಿವಿ ಖಾಲಿ ಇತ್ತಲ್ಲ. ಕೂಗಿದ್ರೆ ನಂಗೆ ಕೇಳಿಸ್ತಿರಲಿಲ್ವಾ?"

ಅವನು ನಾಟಕ ಆಡುತ್ತಿರಲಿಲ್ಲ. ಮಗಳು ಕೂಗಲಿಲ್ಲ ಅಂತಲೇ ಪಾಪ ನಂಬಿದ್ದ. ಕ್ಷೌರದವನು ಬಂದು, "ಮಗು ಕಿರುಚಿದ್ದು ನನ್ನ ಅಂಗಡಿ ಒಳಗೇ ಕೇಳಿಸ್ತು," ಅಂದಾಗ ಅವನ ಮೇಲೆಯೇ ಜಗಳಕ್ಕೆ ಹೋದ. ಮಾತಿಗೆ ಮಾತು ಬೆಳೆಯಿತು. ಮನೆ ಶಾಂತವಾಗಲಿ ಅಂತ ಟೈಲರಮ್ಮ ನಡುವೆ ಬಾಯಿ ಹಾಕಿದಳು.

"ಬಿಡಮ್ಮ ಪುಟ್ಟಿ. ಭಯಕ್ಕೆ ನಿನಗೆ ದನಿಯೇ ಹೊರಟಿರಲ್ಲ. ಕೂಗಿದೆ ಅಂತ ಅನ್ನಿಸಿರುತ್ತೆ ಅಷ್ಟೇ."

ಪುಟ್ಟಿ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ಕಡೆ ಹೊರಳಿದಳು. ಅವತ್ತಿನಿಂದ ಅಪ್ಪನ ಜೊತೆ ಮಾತೇ ಬಿಟ್ಟಳು. ಅಮ್ಮನ ಜೊತೆ ಹೂಂ, ಊಹೂಂ ಅಷ್ಟೇ. ಯಾಕಾದರೂ ಹಾಗೆ ಅಂದೆನೋ ಎಂದು ಟೈಲರಮ್ಮ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕಾಲಂತೂ ಹೋಯಿತು, ಮಗಳ ಮಾತೂ ಹೋಯಿತಲ್ಲ ಅಂತ ಹೊಲಿಗೆ ಹಾಕುತ್ತಲೇ ಅಳುತ್ತಿದ್ದಳು.

ಟೈಲರಮ್ಮನ ಅಕ್ಕ ಆಸ್ಪತ್ರೆಯೊಂದರಲ್ಲಿ ನರ್ಸು. ಪುಟ್ಟಿಯ ಪಟ್ಟಿ ಬದಲಿಸಲು ಒಂದು ಸಂಜೆ ಬಂದಳು. ದೊರೆಯ ಎಡಕ್ಕೆ ಕೂತು, "ಬಿಸಿನೀರು ತರ್ತೀಯಾ?" ಎಂದಳು. ಅವನು ಅಲ್ಲಾಡಲಿಲ್ಲ.

"ಈ ಕಡೆ ಬಂದು ಹೇಳಕ್ಕ," ಎಂದಳು ಟೈಲರಮ್ಮ. "ಆ ಕಡೆ ಕೂತ್ರೆ ಅವರದು ಯಾವತ್ತೂ ಹಾಗೇ. ಬೇಕಾದ್ದು ಮಾತ್ರ ಕೇಳುತ್ತೆ."

"ಯಾವತ್ತೂನಾ?" ಅಕ್ಕ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. ಎದ್ದು ದೊರೆಯ ಎದುರಿಗೆ ಬಂದಳು. "ಮಿಲ್ಲಲ್ಲಿ ಗರಗಸ ನಿನ್ನ ಯಾವ ಕಡೆ ಇರುತ್ತಪ್ಪ?"

"ಎಡಕ್ಕೆ ಅತ್ತಿಗೆ. ಕೆಲಸಕ್ಕೆ ಸೇರಿದಾಗಿಂದ ಅದೇ ಜಾಗ."

"ಹಾಡು ಯಾವ ಕಿವಿಗೆ ಹಾಕ್ಕೋತೀಯ?"

"ಬಲಕ್ಕೆ. ಎಡಗಡೆ ವೈರು ಸರಿ ಇಲ್ಲ. ಸಣ್ಣಗೆ ಕೇಳುತ್ತೆ."

"ಬೇರೆ ವೈರು ಹಾಕಿ ನೋಡಲಿಲ್ವಾ?"

"ಬದಲಾಯಿಸಿ ಬದಲಾಯಿಸಿ ಸಾಕಾಯ್ತು. ಎಲ್ಲದರದೂ ಎಡಗಡೆಯೇ ಕೆಟ್ಟಿರುತ್ತೆ. ಈಗಿನ ಮಾಲೇ ಸರಿ ಇಲ್ಲ ಬಿಡಿ."

"ಮಾಲು ಸರಿ ಇದೆಯಪ್ಪ. ಕಿವಿ ಸರಿ ಇಲ್ಲ. ಕೇಳೋ ಕಿವಿಗೆ ಹಾಡು ತುಂಬಿ, ಕೇಳದ ಕಿವಿನ ದಾರಿಗೆ ಬಿಟ್ಟಿದ್ದೀಯ."

ದೊರೆಗೆ ಸಿಟ್ಟು ಬಂತು. "ಏನು, ನಾನು ಕಿವುಡನಾ? ಮಿಲ್ಲಲ್ಲಿ ಯಾರಾದ್ರೂ ಹಾಗಂದಿದ್ದಾರಾ?"

"ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡ್ತೀರಲ್ಲ. ಯಾರಿಗೆ ಗೊತ್ತಾಗಬೇಕು?"

"ಹಾಗಾದ್ರೆ ನೋಡೇಬಿಡೋಣ!"

ಹೊಲಿಗೆಯ ಸ್ಟೂಲು ಎಳೆದು, ಹಾಸಿಗೆಗೆ ಬೆನ್ನು ಹಾಕಿ ಕೂತ. ಬಲಗಿವಿಗೆ ವೈರು ಸಿಕ್ಕಿಸಿ, ದಿನಾ ಇಡುವಷ್ಟೇ ಜೋರಾಗಿ ಹಾಡು ಹಚ್ಚಿ, ಕಣ್ಣು ಮುಚ್ಚಿಕೊಂಡ. ನರ್ಸಮ್ಮ ಪುಟ್ಟಿಯ ಕಡೆ ನೋಡಿ ತಲೆಯಾಡಿಸಿದಳು.

ಪುಟ್ಟಿ ಗೋಡೆ ಕಡೆ ಮುಖ ತಿರುಗಿಸಿದಳು. ಕರೆಯೇ ಕಂದ ಎಂದು ಟೈಲರಮ್ಮ ಕಣ್ಣಲ್ಲೇ ಬೇಡಿಕೊಂಡಳು.

"ಅಪ್ಪಾ," ಎಂದಳು ಪುಟ್ಟಿ ಮೆಲ್ಲಗೆ.

ದೊರೆ ಸುಮ್ಮನೆ ಕೂತಿದ್ದ.

"ಅಪ್ಪಾ!"

ದೊರೆಯ ಪಾದ ಹಾಡಿನ ತಾಳಕ್ಕೆ ನೆಲ ಬಡಿಯುತ್ತಿತ್ತು.

ಅದನ್ನು ನೋಡಿ ಮಗುವಿಗೆ ಏನಾಯಿತೋ, ಎರಡೂ ಕೈಯಲ್ಲಿ ಹೊದಿಕೆ ಹಿಡಿದು ಜೀವ ಹೋಗುವ ಹಾಗೆ ಕಿರುಚಿತು. "ಅಪ್ಪಾ! ನಿಲ್ಸಪ್ಪಾ! ಕಾಲು ಅಪ್ಪಾ!" ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲಿಗೆ ಓಡಿಬಂದರು.

"ಹೂಂ, ಶುರು ಮಾಡಿಸಿ ಅತ್ತಿಗೆ," ಎಂದ ದೊರೆ, ಕಣ್ಣು ಮುಚ್ಚಿಕೊಂಡೇ. "ಇನ್ನೂ ಯಾಕೆ ಸುಮ್ಮನಿದ್ದೀರಿ?"

ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಹೋಗಿ ಅವನ ಕಿವಿಯಿಂದ ವೈರು ಕಿತ್ತಳು. ಅವನು ಕಣ್ಣು ಬಿಟ್ಟ. ಬಾಗಿಲು ತುಂಬ ಜನ. ಹೆಂಡತಿಯ ಕೆನ್ನೆ ಒದ್ದೆ. ತಿರುಗಿದರೆ ಮಗಳು ಇನ್ನೂ ಎರಡೂ ಕೈಯಲ್ಲಿ ಹೊದಿಕೆ ಹಿಡಿದುಕೊಂಡೇ ಇದ್ದಾಳೆ.

"ಕರೆದಳಾ?" ಎಂದ.

ಸ್ಟೂಲಿನಿಂದ ಇಳಿದು ಹಾಸಿಗೆಯ ಪಕ್ಕ ಮಂಡಿಯೂರಿದ. "ನೀನು ಕೂಗಿದ್ದೆ ಮಗಳೇ. ಕೂಗಿದ್ದೆ. ನಾನೇ ತುಳಿದೆ."

"ನಾನೂ ನಿನ್ನ ನಂಬಲಿಲ್ಲ ಕಂದ. ತಪ್ಪಾಯ್ತು," ಎಂದು ಟೈಲರಮ್ಮ ಮಗಳ ತಲೆ ಎದೆಗೊತ್ತಿಕೊಂಡಳು. ಆಗ ಪುಟ್ಟಿ ಅಳಲು ಶುರು ಮಾಡಿದಳು. ಗಾಯವಾದ ದಿನವೂ ಅಷ್ಟು ಅತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪಕ್ಕದ ಮನೆಯಾಕೆ ಅಳುಕುತ್ತಾ ಕೇಳಿದಳು. "ಅಲ್ಲ ನರ್ಸಮ್ಮ, ಎರಡೂ ಕಿವಿ ಚೆನ್ನಾಗಿರೋರು ಒಂದು ಕಡೆ ಹಾಕ್ಕೋಬಹುದಲ್ವಾ? ನಮ್ಮ ಯಜಮಾನ್ರೂ ಹಾಗೇ ಮಾಡ್ತಾರೆ."

"ಬೇಡಮ್ಮ. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋಕೆ ಎರಡೂ ಕಿವಿ ಬೇಕು. ಕಣ್ಣು ಮುಂದೆ ಮಾತ್ರ ನೋಡುತ್ತೆ, ಬೆನ್ನ ಹಿಂದಿಗೆ ಕಿವಿಯೇ ಕಾವಲು. ಕಿವಿ ಖಾಲಿ ಇದ್ರೂ ಮನಸ್ಸು ಹಾಡಲ್ಲಿ ಇರುತ್ತಲ್ಲ? ಇನ್ನೊಂದು ಮಾತು. ಮಗು ಕೂರೋ ಸೈಕಲ್ಲಿಗೆ ಚಕ್ರದ ಪಕ್ಕ ಜಾಲರಿ ಹಾಕಿಸಿ, ಕಾಲಿಡೋಕೆ ಕಂಬಿ ಹಾಕಿಸಿ. ಮಿಲ್ಲಿನವರು ಕೆಲಸದ ಹೊತ್ತಲ್ಲಿ ಕಿವಿಗೆ ಸದ್ದು ತಡೆಯೋ ಮುಚ್ಚಳ ಹಾಕ್ಕೊಳ್ಳಿ, ವರ್ಷಕ್ಕೊಮ್ಮೆ ಡಾಕ್ಟರಿಗೆ ಕಿವಿ ತೋರಿಸಿ. ಗರಗಸ ತಿಂದ ಕಿವಿ ವಾಪಸ್ ಬರಲ್ಲ."

ದೊರೆಯ ಎಡಗಿವಿಯೂ ಬರಲಿಲ್ಲ. ಪುಟ್ಟಿಯ ಓಟವೂ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅಪ್ಪ ಮಗಳು ಶಾಲೆಗೆ ನಡೆದೇ ಹೋಗುತ್ತಾರೆ, ನಿಧಾನವಾಗಿ, ಪುಟ್ಟಿ ಅವನ ಬಲಕ್ಕೆ. ಬಾಗಿಲಲ್ಲಿ ನಿಂತ ಟೈಲರಮ್ಮ ಆ ಕುಂಟು ನಡಿಗೆ ಬೀದಿಯ ತಿರುವು ದಾಟುವವರೆಗೂ ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಹಾಡು ಕೇಳಬೇಡಿ ಅಂತ ಯಾರೂ ಹೇಳುತ್ತಿಲ್ಲ. ಮನೆಯಲ್ಲಿ ಕೂತು ಮನಸಾರೆ ಕೇಳಿ. ದಾರಿಯಲ್ಲೇ ಬೇಕು ಅನಿಸಿದರೆ ಸೈಕಲ್ ಪಕ್ಕಕ್ಕೆ ನಿಲ್ಲಿಸಿ ಕೇಳಿ. ಪೆಡಲ್ ಮೇಲೆ ಕಾಲಿಡುವ ಮುಂಚೆ ಮಾತ್ರ ಎರಡೂ ಕಿವಿಯ ವೈರು ತೆಗೆದು ಜೇಬಿಗೆ ಹಾಕಿ. "ಒಂದೇ ಕಿವಿಗೆ ತಾನೇ" ಅನ್ನುವವರು ನಿಮ್ಮ ಮನೆಯಲ್ಲೂ ಇದ್ದರೆ ಇದನ್ನು ಅವರಿಗೆ ಓದಿ ಹೇಳಿ. ನಿಮ್ಮ ಬೆನ್ನ ಹಿಂದೆ ಕೂತ ಮಗು ಕೂಗಿದರೆ, ಆ ಕೂಗು ಬೀದಿಯವರಿಗಿಂತ ಮೊದಲು ನಿಮಗೆ ಕೇಳಲಿ.